ಹುಳುವಿನ ಮೇಲೊಂದು ಅಪವಾದ

(ಅಂತಿಮ ಬಿ.ಎ. ವಿದ್ಯಾರ್ಥಿ)

ಮನುಷ್ಯನು ತನ್ನ ಸುತ್ತಲಿನ ಪ್ರಾಣಿಗಳಿಗೆಲ್ಲ ಒಂದೊಂದು ಹೆಸರನ್ನು ಕೊಟ್ಟಿದ್ದಾನೆ. ಹೆಸರಿನ ಬೆನ್ನಿಗೇ ಒಂದೊಂದು ಅಪವಾದವನ್ನೂ ಕಟ್ಟಿದ್ದಾನೆ. ಗೂಬೆ ಮನೆಯ ಮೇಲೆ ಕುಳಿತರೆ ಸಾವು. ಹಲ್ಲಿ ಬಿದ್ದ ಸಾರು ವಿಷ. ಹಾವಿಗೆ ಹಾಲೇ ಆಹಾರ. ಕೇರೆಹಾವು ಹಸುವಿನ ಕೆಚ್ಚಲಿಗೆ ಬಾಯಿ ಹಾಕುತ್ತದೆ. ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಪಾಪ, ಆ ಪ್ರಾಣಿಗಳಿಗೆ ವಕೀಲರಿಲ್ಲ. ಆರೋಪ ಹೊರಿಸುವವರೂ ನಾವೇ, ಸಾಕ್ಷಿ ನುಡಿಯುವವರೂ ನಾವೇ, ತೀರ್ಪು ಕೊಡುವವರೂ ನಾವೇ. ಶಿಕ್ಷೆ ಮಾತ್ರ ಅವಕ್ಕೆ. ಇಂಥ ಅಪವಾದಕ್ಕೆ ಗುರಿಯಾದ ಒಂದು ಸಣ್ಣ ಹುಳುವಿನ ಪರವಾಗಿ ನಾಲ್ಕು ಮಾತು ಹೇಳುವುದೇ ಈ ಲೇಖನದ ಉದ್ದೇಶ.

ಆ ಹುಳುವನ್ನು ವಾಚಕರು ಕಂಡೇ ಇರುತ್ತೀರಿ. ಹಿತ್ತಲಿನಲ್ಲಿ ಒದ್ದೆಯಾದ ಕಲ್ಲನ್ನು ಎತ್ತಿದಾಗ, ಕೊಳೆತ ಬಾಳೆಯ ದಿಂಡನ್ನು ಉರುಳಿಸಿದಾಗ, ಗೊಬ್ಬರದ ತಿಪ್ಪೆಯನ್ನು ಕೆದಕಿದಾಗ, ಕಂದುಬಣ್ಣದ, ಅರ್ಧ ಇಂಚಿನಿಂದ ಒಂದು ಇಂಚಿನೊಳಗಿನ, ಮೈ ಚಪ್ಪಟೆಯಾದ ಹುಳುವೊಂದು ಸರ್ರನೆ ಓಡುತ್ತದೆ. ಅದರ ಬಾಲದ ತುದಿಯಲ್ಲಿ ಅಕ್ಕಸಾಲಿಗನ ಇಕ್ಕಳದಂಥ ಎರಡು ಕೊಂಡಿಗಳಿರುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಇಯರ್‌ವಿಗ್’ ಎಂದು ಹೆಸರು. ನಮ್ಮೂರಿನಲ್ಲಿ ಇದಕ್ಕೆಂದೇ ಮೀಸಲಾದ ಹೆಸರನ್ನು ನಾನು ಕೇಳಿಲ್ಲ. ‘ಕಿವಿಗೆ ಹೋಗೋ ಹುಳ’ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಜರಿಗೂ ಇದೇ ಹೆಸರು, ಇದಕ್ಕೂ ಇದೇ ಹೆಸರು. ಈ ಲೇಖನದಲ್ಲಿ ನಾನು ಅದನ್ನು ಇಕ್ಕಳದ ಹುಳು ಎಂದು ಕರೆಯುತ್ತೇನೆ.

ಇದರ ಮೇಲಿರುವ ಅಪವಾದ ಇಷ್ಟು: ಮಲಗಿದವರ ಕಿವಿಯೊಳಗೆ ಇದು ಹೊಗುತ್ತದೆ, ಹೊಕ್ಕ ಮೇಲೆ ಹಿಂದಕ್ಕೆ ಬರುವುದಿಲ್ಲ, ಇಕ್ಕಳದಿಂದ ಕೊರೆಯುತ್ತ ಕೊರೆಯುತ್ತ ಮಿದುಳನ್ನು ಸೇರುತ್ತದೆ, ಅಲ್ಲಿ ಮೊಟ್ಟೆಯಿಟ್ಟು ಮರಿಮಾಡುತ್ತದೆ, ಮರಿಗಳು ಮಿದುಳನ್ನು ತಿನ್ನುತ್ತವೆ, ಮನುಷ್ಯನಿಗೆ ಹುಚ್ಚು ಹಿಡಿಯುತ್ತದೆ ಅಥವಾ ಸಾವು ಬರುತ್ತದೆ. ಬಾಲ್ಯದಲ್ಲಿ ಈ ಕಥೆಯನ್ನು ಕೇಳಿ ಕಿವಿಗೆ ಹತ್ತಿ ತುರುಕಿಕೊಂಡು ಮಲಗದ ಹುಡುಗರು ನಮ್ಮ ಓಣಿಯಲ್ಲಿ ಕಡಿಮೆ.

ಇತಿಹಾಸವನ್ನೂ ಸಮಾಜಶಾಸ್ತ್ರವನ್ನೂ ಓದುವವನಿಗೆ ಹುಳುವಿನ ಗೊಡವೆ ಏಕೆ ಎಂದು ವಿಜ್ಞಾನ ಓದುವ ಗೆಳೆಯರು ನಗಬಹುದು. ಹುಳು ಅವರ ಪಾಲಿನದು, ಒಪ್ಪಿದೆ. ಆದರೆ ಹುಳುವಿನ ಬಗೆಗಿನ ನಂಬಿಕೆ ಮನುಷ್ಯನದು; ಅದು ನಮ್ಮ ಪಾಲಿನದು. ನಂಬಿಕೆಗೆ ಹುಟ್ಟಿದ ಊರಿದೆ, ನಡೆದು ಬಂದ ದಾರಿಯಿದೆ, ಅದು ಮಾಡಿದ ಹಾನಿಯ ಲೆಕ್ಕವಿದೆ. ಆದ್ದರಿಂದ ಕಲಾ ವಿಭಾಗದವನು ಈ ಮಾತನ್ನೆತ್ತುವುದು ಅಧಿಕಪ್ರಸಂಗವಾಗಲಾರದು.

ಮೊದಲು ಊರಿನ ಮಾತು. ಇಂಥ ನಂಬಿಕೆಗಳೆಲ್ಲ ನಮ್ಮ ಹಳ್ಳಿಗಳವು, ಓದುಬರಹವಿಲ್ಲದವರವು ಎಂದು ಕಾಲೇಜಿನ ಮೆಟ್ಟಿಲು ಹತ್ತಿದ ನಾವು ತಿಳಿಯುತ್ತೇವೆ. ಆದರೆ ಈ ನಂಬಿಕೆ ಇಂಗ್ಲಿಷ್ ಭಾಷೆಯ ಹೊಟ್ಟೆಯಲ್ಲೇ ಕುಳಿತಿದೆ! ‘ಇಯರ್’ ಎಂದರೆ ಕಿವಿ. ‘ವಿಗ್’ ಎಂಬುದು ಹುಳು ಎಂಬರ್ಥದ ಹಳೆಯ ಇಂಗ್ಲಿಷ್ ಮಾತಿನ ಸವೆದ ರೂಪ. ನಮ್ಮೂರವರು ‘ಕಿವಿಗೆ ಹೋಗೋ ಹುಳ’ ಎಂದರೆ ಇಂಗ್ಲೆಂಡಿನವರು ‘ಕಿವಿಹುಳು’ ಎಂದರು, ಅಷ್ಟೇ ವ್ಯತ್ಯಾಸ. ಜರ್ಮನರು ಇದನ್ನು ‘ಓರ್‌ವುರ್ಮ್’ ಎಂದರು. ಅದರ ಅರ್ಥವೂ ಕಿವಿಯ ಹುಳು. ಫ್ರೆಂಚರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಪೆರ್ಸ್ ಒರೇಯ್’, ಎಂದರೆ ಕಿವಿ ಕೊರೆಯುವುದು, ಎಂದೇ ಕರೆದುಬಿಟ್ಟರು. ಜೀವಿಗಳಿಗೆಲ್ಲ ಕ್ರಮವಾಗಿ ಹೆಸರಿಟ್ಟ ಸ್ವೀಡನ್ ದೇಶದ ಲಿನೇಯಸ್ 1758ರಲ್ಲಿ ಯೂರೋಪಿನ ಇಕ್ಕಳದ ಹುಳುವಿಗೆ ‘ಫಾರ್ಫಿಕ್ಯುಲ ಆರಿಕ್ಯುಲೇರಿಯ’ ಎಂದು ಹೆಸರಿಟ್ಟಾಗ, ‘ಕಿವಿಯ ಪುಟ್ಟ ಕತ್ತರಿ’ ಎಂಬ ಜನರ ಭಾವನೆ ಲ್ಯಾಟಿನ್ ಉಡುಪು ತೊಟ್ಟು ಶಾಸ್ತ್ರಗ್ರಂಥದೊಳಕ್ಕೂ ಪ್ರವೇಶಿಸಿತು. 1972ರಲ್ಲಿ, ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟ ಮೂರು ವರ್ಷಗಳ ತರುವಾಯ, ಅಮೆರಿಕದ ‘ನೈಟ್ ಗ್ಯಾಲರಿ’ ಎಂಬ ದೂರದರ್ಶನ ಮಾಲಿಕೆಯಲ್ಲಿ ಈ ಹುಳು ಒಬ್ಬನ ಕಿವಿಯಿಂದ ಹೊಕ್ಕು ಮಿದುಳನ್ನು ದಾಟುವ ಕಥೆಯನ್ನು ತೋರಿಸಿ ಜನರನ್ನು ಬೆಚ್ಚಿಬೀಳಿಸಿದರು. ಮೂಢನಂಬಿಕೆಗೆ ಕಚ್ಚೆಯೂ ಒಂದೇ, ಕೋಟೂ ಒಂದೇ.

ಇದನ್ನು ನಾನು ಏಕೆ ಒತ್ತಿ ಹೇಳುತ್ತೇನೆಂದರೆ, ನಮ್ಮ ಮನೆಯಲ್ಲಿ ಕಾಲೇಜನ್ನು ಕಂಡವನು ನಾನೇ ಮೊದಲಿಗ. ನನ್ನಂಥವರು ಈ ಕಾಲೇಜಿನಲ್ಲಿ ಬಹಳ ಮಂದಿ ಇದ್ದೇವೆ. ನಾಲ್ಕು ಪುಸ್ತಕ ಓದಿದೊಡನೆ ಅವ್ವನ ಮಾತೆಲ್ಲ ಮೌಢ್ಯ, ಪುಸ್ತಕದ ಮಾತೆಲ್ಲ ಜ್ಞಾನ ಎಂದು ಎರಡು ಬುಟ್ಟಿ ಮಾಡಿಡುವ ಆತುರ ನಮ್ಮಲ್ಲಿ ಕಾಣುತ್ತದೆ. ಬುಟ್ಟಿಗಳು ಅಷ್ಟು ಸುಲಭವಾಗಿ ಬೇರೆಯಾಗುವುದಿಲ್ಲ ಎಂಬುದಕ್ಕೆ ಈ ಹುಳುವೇ ಸಾಕ್ಷಿ.

ಇನ್ನು ಅಪವಾದದ ವಿಚಾರಣೆ. ಕಿವಿಯ ಹೊರಗಿನ ಹಾಲೆಯಿಂದ ಒಳಕ್ಕೆ ಸುಮಾರು ಎರಡೂವರೆ ಸೆಂಟಿಮೀಟರ್, ಎಂದರೆ ಒಂದಿಂಚಿನಷ್ಟು ಉದ್ದದ ನಾಳವಿದೆ. ನಾಳದ ಕೊನೆಯಲ್ಲಿ ಕಿವಿಯ ತಮಟೆ ಅಡ್ಡಲಾಗಿ ಬಿಗಿದುಕೊಂಡಿದೆ. ಅದರಾಚೆ ಮೂರು ಪುಟ್ಟ ಮೂಳೆಗಳಿರುವ ನಡುಗಿವಿ, ಅದರಾಚೆ ಗಟ್ಟಿಯಾದ ಎಲುಬಿನಲ್ಲಿ ಹುದುಗಿದ ಒಳಗಿವಿ, ಅದರಾಚೆ ತಲೆಬುರುಡೆಯ ಗೋಡೆ. ಕಿವಿಯಿಂದ ಮಿದುಳಿಗೆ ಹುಳು ನಡೆದುಹೋಗುವಂಥ ದಾರಿಯೇ ಇಲ್ಲ. ಇಕ್ಕಳದ ಹುಳುವಿನ ಬಾಯಿಗೆ ಎಲುಬನ್ನು ಕೊರೆಯುವ ಶಕ್ತಿಯೂ ಇಲ್ಲ. ಬಾಲದ ಕೊಂಡಿಯಾದರೋ ಕೊರೆಯುವ ಸಾಧನವೇ ಅಲ್ಲ. ಶತ್ರುವನ್ನು ಹೆದರಿಸಲು, ಬೇಟೆಯನ್ನು ಹಿಡಿಯಲು, ಗಂಡುಗಳು ಪರಸ್ಪರ ಸೆಣಸಲು ಅದು ಬಳಕೆಯಾಗುತ್ತದೆ. ಗಂಡಿನ ಕೊಂಡಿ ಬಾಗಿರುತ್ತದೆ, ಹೆಣ್ಣಿನದು ಹೆಚ್ಚು ನೇರವಾಗಿರುತ್ತದೆ. ಕೈಯಲ್ಲಿ ಹಿಡಿದರೆ ಚಿವುಟೀತು. ಆದರೆ ಅದರಲ್ಲಿ ವಿಷವಿಲ್ಲ. ಮನುಷ್ಯನಿಗೆ ಅದು ರೋಗ ಹರಡುವುದೂ ಇಲ್ಲ. ಈ ವಿಷಯದಲ್ಲಿ ಜರಿಯನ್ನೂ ಇದನ್ನೂ ಒಂದೇ ಮೂಟೆಗೆ ಕಟ್ಟುವುದು ತಪ್ಪು. ಜರಿಗೆ ವಿಷದ ಕೊಂಡಿಗಳಿವೆ. ಅದು ಕಚ್ಚಿದರೆ ನೋವು ನಿಜ. ಅದರಿಂದ ದೂರವಿರುವುದು ಜಾಣತನವೇ ಹೊರತು ಮೌಢ್ಯವಲ್ಲ.

ಹಾಗಾದರೆ ಈ ಕಥೆ ಹುಟ್ಟಿದ್ದು ಹೇಗೆ? ಇದು ನಿಶಾಚರ ಹುಳು. ಹಗಲೆಲ್ಲ ಕತ್ತಲೆಯ, ತೇವದ, ಮೈಗೆ ಬಿಗಿಯಾಗಿ ತಗಲುವ ಸಂದಿಗಳನ್ನು ಹುಡುಕುವುದು ಅದರ ಸ್ವಭಾವ. ಮಣ್ಣಿನ ನೆಲದ ಮೇಲೆ, ಹುಲ್ಲಿನ ಹಾಸಿಗೆಯ ಮೇಲೆ ಮಲಗುತ್ತಿದ್ದ ಜನರ ಹತ್ತಿರ ಅದು ಸುಳಿದಾಡಿರಬೇಕು. ಎಂದೋ ಒಮ್ಮೆ ಯಾರದೋ ಕಿವಿಯನ್ನೂ ಒಂದು ಸಂದಿಯೆಂದು ತಿಳಿದು ಹೊಕ್ಕೂ ಇರಬಹುದು. ಅದರ ಮಡಚಿದ ಹಿಂರೆಕ್ಕೆಯನ್ನು ಬಿಡಿಸಿದರೆ ಮನುಷ್ಯನ ಕಿವಿಯ ಆಕಾರ ಕಾಣುತ್ತದೆ, ಹೆಸರು ಬಂದದ್ದು ಅದರಿಂದ, ಎನ್ನುವವರೂ ಇದ್ದಾರೆ. ಹೇಗೇ ಇರಲಿ, ಬಾಲದಲ್ಲಿ ಇಕ್ಕಳ ಕಂಡೊಡನೆ ಮಿಕ್ಕ ಕಥೆಯನ್ನು ಕಲ್ಪನೆ ಪೂರ್ತಿ ಮಾಡಿತು. ಒಂದು ಹಿಡಿ ನಿಜಕ್ಕೆ ಒಂದು ಖಂಡುಗ ಭಯ ಬೆರೆಯಿತು.

ಆ ಒಂದು ಹಿಡಿ ನಿಜವನ್ನು ನಾವು ಮರೆಯಬಾರದು. ಹುಳುಗಳು ಕಿವಿಗೆ ಹೋಗುವುದುಂಟು. ವೈದ್ಯರ ಬಳಿಗೆ ಇಂಥ ರೋಗಿಗಳು ಬರುತ್ತಲೇ ಇರುತ್ತಾರೆ. ಆದರೆ ಕಿವಿಯಿಂದ ಹೊರಬರುವುದು ಹೆಚ್ಚಾಗಿ ಜಿರಳೆ; ಕೆಲವೊಮ್ಮೆ ಪತಂಗ, ನೊಣ, ಇರುವೆ, ಉಣ್ಣೆ. ಇಕ್ಕಳದ ಹುಳು ತೀರ ಅಪರೂಪ. ಜೀವಂತ ಹುಳು ಕಿವಿಯೊಳಗೆ ಒದ್ದಾಡುವಾಗ ಆಗುವ ಸದ್ದು, ನೋವು, ಭಯ ಸಾಮಾನ್ಯವಲ್ಲ. ‘ಹುಳ ಹೋಗೈತಿ’ ಎಂದು ಅಳುವ ಮಗುವಿಗೆ ‘ಅದೆಲ್ಲ ಮೂಢನಂಬಿಕೆ’ ಎಂದು ಉಪನ್ಯಾಸ ಕೊಡುವ ಪದವೀಧರನು, ಕಥೆ ಹೇಳುವ ಅಜ್ಜಿಗಿಂತಲೂ ಹೆಚ್ಚು ಅಪಾಯಕಾರಿ.

ಈಗ ನನ್ನ ವಾದದ ಮುಖ್ಯ ಭಾಗಕ್ಕೆ ಬರುತ್ತೇನೆ. ಹುಳುವಿನ ಮೇಲಿನ ಅಪವಾದ ಹುಳುವಿಗೆ ಮಾತ್ರ ನಷ್ಟವಾಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಒಬ್ಬ ಹುಡುಗಿಯಿದ್ದಾಳೆ. ಅವಳಿಗೆ ಎಂಟು ವರ್ಷವಾಗಿದ್ದಾಗ ಒಂದು ರಾತ್ರಿ ಕಿವಿಗೆ ಹುಳು ಹೋಯಿತು. ‘ಮಿದುಳಿಗೆ ಹೋಗೋದರೊಳಗೆ ತೆಗೀರಿ’ ಎಂದು ಎಲ್ಲರೂ ಕೂಗಿದರು. ಒಬ್ಬರು ಹೇರ್‌ಪಿನ್ನಿನಿಂದ ಕೆದಕಿದರು. ಇನ್ನೊಬ್ಬರು ಸೀಮೆಎಣ್ಣೆ ಬಿಟ್ಟರು. ಬೆಳಗಾಗುವ ವೇಳೆಗೆ ಹೊರಬಂದದ್ದು ಒಂದು ಜಿರಳೆಯ ಮರಿ. ಅದರ ಹಿಂದೆ ರಕ್ತ. ಆಮೇಲೆ ಕಿವಿ ಸೋರತೊಡಗಿತು. ವರ್ಷಗಟ್ಟಲೆ ಸೋರಿತು. ಶಾಲೆಯಲ್ಲಿ ಕರೆದರೆ ತಿರುಗುವುದಿಲ್ಲವೆಂದು ದಡ್ಡಿ ಎನ್ನಿಸಿಕೊಂಡಳು. ಏಳನೆಯ ತರಗತಿಗೆ ಓದು ನಿಂತಿತು. ಈಗಲೂ ಅವಳೊಡನೆ ಮಾತನಾಡಬೇಕಾದರೆ ಎಡಗಡೆಗೆ ಹೋಗಿ ನಿಲ್ಲಬೇಕು.

ಇದರಲ್ಲಿ ಅತ್ಯಂತ ದುಃಖದ ಸಂಗತಿ ಯಾವುದೆಂದರೆ, ಇಂದಿಗೂ ಓಣಿಯವರು ‘ಆ ಹುಡುಗಿಯ ಕಿವಿಯನ್ನು ಹುಳ ತಿಂದಿತು’ ಎಂದೇ ಹೇಳುತ್ತಾರೆ. ಪಿನ್ನಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಕೆದಕಿದವರು ಕೆಟ್ಟವರೇನಲ್ಲ; ಮಗುವನ್ನು ಉಳಿಸಬೇಕೆಂದೇ ಕೈಹಾಕಿದವರು. ಆದರೆ ಅಪವಾದ ಹುಳುವಿನ ಮೇಲೆ ಇರುವತನಕ ಪಿನ್ನು ನಿರಪರಾಧಿಯಾಗಿಯೇ ಉಳಿಯುತ್ತದೆ. ನಾಳೆ ಇನ್ನೊಂದು ಮಗುವಿನ ಕಿವಿಗೂ ಹೋಗುತ್ತದೆ. ಸುಳ್ಳು ನಂಬಿಕೆಯ ನಿಜವಾದ ಹಾನಿ ಇದು. ಅದು ನಿರಪರಾಧಿಯನ್ನು ಹಿಡಿದುಕೊಡುವುದಷ್ಟೇ ಅಲ್ಲ, ಅಪರಾಧಿ ತಪ್ಪಿಸಿಕೊಳ್ಳಲು ಹಿತ್ತಿಲ ಬಾಗಿಲನ್ನೂ ತೆರೆಯುತ್ತದೆ.

ಆದ್ದರಿಂದ ಹುಳು ಹೊಕ್ಕಾಗ ಮಾಡಬೇಕಾದುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಮೊದಲನೆಯದಾಗಿ, ಅದು ಮಿದುಳಿಗೆ ಹೋಗಲಾರದು, ಗಾಬರಿ ಬೇಡ. ಪಿನ್ನು, ಕಡ್ಡಿ, ಚಿಮಟ, ಬೀಗದ ಕೈ ಯಾವುದನ್ನೂ ಕಿವಿಯೊಳಗೆ ಹಾಕಕೂಡದು. ಸೀಮೆಎಣ್ಣೆಯಾಗಲಿ ಕಾಯಿಸಿದ ಎಣ್ಣೆಯಾಗಲಿ ಬಿಡಕೂಡದು. ಹುಳು ಜೀವಂತವಾಗಿ ಒದ್ದಾಡುತ್ತಿದ್ದರೆ ಆ ಕಿವಿ ಮೇಲಾಗುವಂತೆ ಮಲಗಿಸಿ, ಮೈಬಿಸಿಯಷ್ಟೇ ಬೆಚ್ಚಗಿರುವ ಕೊಬ್ಬರಿ ಎಣ್ಣೆಯನ್ನೋ ಅಡಿಗೆಯ ಎಣ್ಣೆಯನ್ನೋ ಕೆಲವು ಹನಿ ಬಿಟ್ಟರೆ ಹುಳು ಉಸಿರುಕಟ್ಟಿ ಸಾಯುತ್ತದೆ. ಆದರೆ ಮೊದಲೇ ಕಿವಿ ಸೋರುತ್ತಿದ್ದರೆ, ತಮಟೆ ತೂತಾಗಿದ್ದರೆ, ರಕ್ತ ಬರುತ್ತಿದ್ದರೆ, ಅಥವಾ ವೈದ್ಯರು ಕಿವಿಗೆ ನಳಿಕೆ ಹಾಕಿದ್ದರೆ ಎಣ್ಣೆಯನ್ನೂ ಬಿಡಬಾರದು. ಯಾವ ಪಕ್ಷದಲ್ಲೂ ಸತ್ತ ಹುಳುವನ್ನು ತೆಗೆಸಲು ವೈದ್ಯರ ಬಳಿಗೇ ಹೋಗಬೇಕು. ಮಕ್ಕಳು ಕಿವಿಗೆ ಕಾಳು ಹಾಕಿಕೊಂಡಿದ್ದರೆ ನೀರು ಬಿಡಬಾರದು. ಕಾಳು ಉಬ್ಬಿ ಬಿಗಿಯಾಗುತ್ತದೆ. ಗುಗ್ಗೆಯೆಂದು ನಾವು ಹೇಸುವ ವಸ್ತುವೂ ಕಿವಿಯ ಕಾವಲುಗಾರನೇ. ಧೂಳನ್ನು ತಡೆಯುವುದು ಅದೇ. ಕೇಳಿಸುವುದು ಕಡಿಮೆಯಾದ ಮಕ್ಕಳನ್ನು ದಡ್ಡರೆಂದು ಬೈಯುವ ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು. ನಮ್ಮ ಮೈಸೂರಿನಲ್ಲೇ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅದರ ಹೆಸರನ್ನೇ ಕೇಳದ ಹಳ್ಳಿಗಳಲ್ಲೂ ಹುಳುವಿನ ಕಥೆ ಮಾತ್ರ ಎಲ್ಲರ ಬಾಯಲ್ಲಿದೆ.

ಹುಳುವಿಗೆ ಸಲ್ಲಬೇಕಾದ ನ್ಯಾಯವನ್ನೂ ಸಲ್ಲಿಸೋಣ. ಲೋಕದಲ್ಲಿ ಇಕ್ಕಳದ ಹುಳುವಿನ ಸುಮಾರು 2000 ಜಾತಿಗಳಿವೆ. ಮಿದುಳಿನಲ್ಲಿ ಮೊಟ್ಟೆಯಿಡುತ್ತದೆಂದು ನಾವು ದೂರಿದ ಈ ಹುಳು ಮೊಟ್ಟೆಯಿಡುವುದು ತೇವದ ಮಣ್ಣಿನ ಬಿಲದಲ್ಲಿ. ಹೆಚ್ಚಿನ ಕೀಟಗಳು ಮೊಟ್ಟೆಯಿಟ್ಟು ತಮ್ಮ ದಾರಿ ಹಿಡಿಯುತ್ತವೆ. ಇದು ಹಾಗಲ್ಲ. ತಾಯಿಹುಳು ಮೊಟ್ಟೆಗಳ ಬಳಿಯೇ ನಿಂತು ಕಾಯುತ್ತದೆ. ಬೂಷ್ಟು ಹಿಡಿಯದಂತೆ ಒಂದೊಂದನ್ನೂ ನೆಕ್ಕಿ ಶುಚಿಮಾಡುತ್ತದೆ. ಚೆದರಿಸಿದರೆ ಮತ್ತೆ ಗುಡ್ಡೆ ಹಾಕುತ್ತದೆ. ಶತ್ರು ಬಂದರೆ ಕೊಂಡಿಯೆತ್ತಿ ನಿಲ್ಲುತ್ತದೆ. ಒಡೆದು ಬಂದ ಮರಿಗಳಿಗೆ ಕೆಲಕಾಲ ಆಹಾರವನ್ನೂ ಕೊಡುತ್ತದೆ. ತಾಯಿಯನ್ನು ಬೇರ್ಪಡಿಸಿದರೆ ಮೊಟ್ಟೆಗಳು ಬೂಷ್ಟು ಹಿಡಿದು ಹಾಳಾಗುತ್ತವೆ. ಸ್ವೀಡನ್ನಿನ ಡಿ ಗೀರ್ ಎಂಬ ವಿದ್ವಾಂಸನು ಹದಿನೆಂಟನೆಯ ಶತಮಾನದಲ್ಲೇ ಈ ತಾಯ್ತನವನ್ನು ಕಣ್ಣಾರೆ ಕಂಡು ಬರೆದಿಟ್ಟ. ಅದರ ರೆಕ್ಕೆಯೂ ವಿಸ್ಮಯದ ವಸ್ತು. ಬೀಸಣಿಗೆಯಂತೆ ಮಡಚಿ ಮಡಚಿ, ಬಿಡಿಸಿದಾಗಿನ ವಿಸ್ತಾರದ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಜಾಗದಲ್ಲಿ ಅಡಗಿಸಿಟ್ಟುಕೊಳ್ಳುತ್ತದೆ. ಯಂತ್ರಶಿಲ್ಪಿಗಳು ಈ ಮಡಿಕೆಯ ರಹಸ್ಯವನ್ನು ಇಂದಿಗೂ ಆಸಕ್ತಿಯಿಂದ ಅಭ್ಯಾಸ ಮಾಡುತ್ತಿದ್ದಾರೆ.

ರೈತನ ಮಗನಾಗಿ ನಾನು ಇನ್ನೊಂದು ಮಾತನ್ನು ಸೇರಿಸಲೇಬೇಕು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕಡೆಯ ಮುಸುಕಿನ ಜೋಳದ ಹೊಲಗಳಲ್ಲಿ ಅಮೆರಿಕ ಮೂಲದ ಸೈನಿಕ ಹುಳು ಭಾರತದಲ್ಲೇ ಮೊದಲ ಬಾರಿಗೆ ಕಾಣಿಸಿಕೊಂಡಿತು. ಸುಳಿಯೊಳಗೆ ಕುಳಿತು ಎಲೆಯನ್ನು ಜರಡಿ ಮಾಡುವ ಆ ಹುಳುವಿಗೆ ನಮ್ಮವರು ಸುರಿದ ಔಷಧಿಗೆ ಲೆಕ್ಕವಿಲ್ಲ. ಆ ವರ್ಷವೇ ಕರ್ನಾಟಕದ ಹೊಲಗಳಲ್ಲಿ ಆ ಕೀಡೆಯ ಸಹಜ ಶತ್ರುಗಳನ್ನು ಹುಡುಕಿದ ಕೀಟಶಾಸ್ತ್ರಜ್ಞರಿಗೆ, ಅದನ್ನು ತಿನ್ನುವ ಜೀವಿಗಳ ಸಾಲಿನಲ್ಲಿ ಯಾರು ಸಿಕ್ಕಿದರು ಗೊತ್ತೇ? ನಮ್ಮ ಇಕ್ಕಳದ ಹುಳು! ಜೋಳದ ಸುಳಿಯ ತೇವವೂ ಕತ್ತಲೆಯೂ ಅದಕ್ಕೆ ಹೇಳಿಮಾಡಿಸಿದ ಮನೆ. ಸಸ್ಯಹೇನುಗಳನ್ನೂ ಸಣ್ಣ ಕೀಟಗಳ ಮೊಟ್ಟೆಗಳನ್ನೂ ಅದು ತಿನ್ನುತ್ತದೆ. ಕೊಳೆತ ಎಲೆಯನ್ನೂ ತಿಂದು ಮಣ್ಣಿಗೆ ಸೇರಿಸುತ್ತದೆ. ಅದು ಸಾಧುವೆಂದು ನಾನು ಹೇಳುವುದಿಲ್ಲ. ಎಳೆಯ ಸಸಿ, ಹೂವಿನ ಎಸಳು, ಮಾಗಿದ ಹಣ್ಣನ್ನೂ ಕೆಲವೊಮ್ಮೆ ಕಡಿಯುತ್ತದೆ. ಆದರೆ ಕಿವಿಯ ಭಯದಿಂದ ಅದನ್ನು ಕಂಡಲ್ಲಿ ಹೊಸಕುವ ರೈತನು, ಕೂಲಿ ಕೇಳದೆ ದುಡಿಯುವ ಆಳನ್ನು ಕೊಂದಂತೆ.

ಕೊಂದು ಮುಗಿಸಿದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಯಿದೆ. ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೀನ ದ್ವೀಪವನ್ನು ನೆಪೋಲಿಯನ್ನನ ಸೆರೆವಾಸದಿಂದಾಗಿ ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಲೋಕದ ಅತಿದೊಡ್ಡ ಇಕ್ಕಳದ ಹುಳು ಇದ್ದದ್ದು ಅಲ್ಲೇ. ಉದ್ದ ಎಂಟು ಸೆಂಟಿಮೀಟರ್ ಮುಟ್ಟುತ್ತಿತ್ತು. ಅದು ಜೀವಂತವಾಗಿ ಕೊನೆಗೆ ಕಂಡದ್ದು 1967ರಲ್ಲಿ. ಅದರ ಆಶ್ರಯವಾಗಿದ್ದ ಕಲ್ಲುಗಳನ್ನು ಕಟ್ಟಡಕ್ಕೆಂದು ಸಾಗಿಸಿದ್ದೂ, ಹೊರಗಿನಿಂದ ಬಂದ ಇಲಿ ಮತ್ತು ಜರಿಗಳೂ ಅದಕ್ಕೆ ಮುಳುವಾದವು. 2014ರಲ್ಲಿ ಅದು ನಿರ್ವಂಶವಾಯಿತೆಂದು ಘೋಷಿಸಲಾಯಿತು. ಅದು ಎಷ್ಟು ಜನರ ಮಿದುಳನ್ನು ತಿಂದಿತ್ತು? ಒಬ್ಬರದನ್ನೂ ಇಲ್ಲ.

ಇಷ್ಟೆಲ್ಲ ಆದಮೇಲೆ ಒಂದು ಆಕ್ಷೇಪ ಬರಬಹುದು: ‘ಇರಲಿ ಬಿಡಿ, ಇಂಥ ಭಯದಿಂದಲಾದರೂ ಮಕ್ಕಳು ಎಚ್ಚರದಿಂದಿರುತ್ತಾರೆ, ಹಿರಿಯರ ಮಾತನ್ನು ಕೆದಕಿ ಅವರ ಮನಸ್ಸನ್ನು ಏಕೆ ನೋಯಿಸಬೇಕು?’ ನಾನು ಇದನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಒಮ್ಮೆ ನನ್ನ ಅವ್ವನಿಗೆ ಇದನ್ನೆಲ್ಲ ಹೇಳಿದಾಗ ಆಕೆ, ‘ನಿನ್ನ ಪುಸ್ತಕದಾಗ ಐತಿ ಅಂತ ನಾ ನಂಬಬೇಕೇನಪ್ಪ? ನೀನೂ ಯಾರೋ ಹೇಳಿದ್ದನ್ನೇ ಹೇಳಾಕತ್ತೀಯಲ್ಲ!’ ಎಂದಳು. ಎಷ್ಟು ಸರಿಯಾದ ಪ್ರಶ್ನೆ! ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಅವ್ವನ ಕಡೆಯದೇ ಹೊರತು ಕಾಲೇಜಿನ ಕಡೆಯದಲ್ಲ. ನಾನು ಆಕೆಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಕಲ್ಲಿನಡಿ ಮೊಟ್ಟೆ ಕಾಯುತ್ತಿದ್ದ ತಾಯಿಹುಳುವನ್ನು ತೋರಿಸಿದೆ. ಆಕೆ ಬಹಳ ಹೊತ್ತು ನೋಡಿ, ಕಲ್ಲನ್ನು ಮೆಲ್ಲಗೆ ಮುಚ್ಚಿದಳು. ಪುಸ್ತಕ ಮಾಡದ ಕೆಲಸವನ್ನು ಕಣ್ಣು ಮಾಡಿತು. ಹಿರಿಯರ ಮನಸ್ಸು ನೋಯುವುದು ಸತ್ಯದಿಂದಲ್ಲ, ಸತ್ಯವನ್ನು ಹೇಳುವ ನಮ್ಮ ಜಂಬದಿಂದ.

ಇನ್ನು ಎಚ್ಚರದ ಮಾತು. ಸುಳ್ಳಿನಿಂದ ಹುಟ್ಟಿದ ಎಚ್ಚರ ತಪ್ಪು ಕಡೆಗೆ ನೋಡುತ್ತದೆ. ಕಲ್ಲಿನಡಿಯ ಹುಳುವನ್ನು ಕಂಡು ಓಡುವ ನಾವು, ಅಡಿಗೆಮನೆಯ ಜಿರಳೆಯನ್ನು ಕಂಡು ಸುಮ್ಮನಿರುತ್ತೇವೆ. ಕಿವಿಗೆ ಕಡ್ಡಿ ಹಾಕಿಕೊಂಡು ಜಗಲಿಯ ಮೇಲೆ ಹಾಯಾಗಿ ಕುಳಿತಿರುತ್ತೇವೆ.

ನಮ್ಮ ಸಂವಿಧಾನಕ್ಕೆ 1976ರ ನಲವತ್ತೆರಡನೆಯ ತಿದ್ದುಪಡಿಯಿಂದ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದೂ ಒಂದು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿಯನ್ನೇ ರಚಿಸಿದರು. ಅವರಿಗೂ ಬಹಳ ಹಿಂದೆ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ನಡೆಸಲು ಶ್ರಮಿಸಿದರು. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ಬರೆದರು. ದಾರಿ ತೋರಿಸುವವರ ಕೊರತೆ ನಮಗಿರಲಿಲ್ಲ, ನಡೆಯುವವರ ಕೊರತೆಯಿದೆ. ಇಂದು ಅಜ್ಜಿಯ ಕಥೆಯ ಸ್ಥಾನಕ್ಕೆ ವಾಟ್ಸಾಪ್ ಬಂದಿದೆ. ಅಜ್ಜಿಯ ಕಥೆ ಒಂದು ಓಣಿಯನ್ನು ದಾಟಲು ಒಂದು ತಲೆಮಾರು ಬೇಕಾಗುತ್ತಿತ್ತು. ಈಗಿನ ಕಥೆಗೆ ಒಂದು ನಿಮಿಷ ಸಾಕು. ಅದನ್ನು ಮುಂದಕ್ಕೆ ದಾಟಿಸುವ ಬೆರಳುಗಳಲ್ಲಿ ಪದವಿ ಪಡೆದವರ ಬೆರಳುಗಳೇನೂ ಕಡಿಮೆಯಿಲ್ಲ.

ಆದುದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಸಲಹೆ. ಬೇಸಗೆಯ ರಜೆಗೆ ಊರಿಗೆ ಹೋದಾಗ ಪ್ರತಿಯೊಬ್ಬರೂ ತಮ್ಮೂರಿನ ಒಂದೇ ಒಂದು ನಂಬಿಕೆಯನ್ನು ಹಿಡಿಯಲಿ. ನಗದೆ, ಜರಿಯದೆ, ಅದನ್ನು ಹೇಳುವವರ ಬಾಯಿಂದಲೇ ಕೇಳಲಿ. ಅದರಲ್ಲಿ ನಿಜವೆಷ್ಟು, ಭಯವೆಷ್ಟು, ಅದರಿಂದ ಯಾರಿಗಾದರೂ ಹಾನಿಯಾಗಿದೆಯೇ ಎಂದು ವಿಚಾರಿಸಲಿ. ಬಲ್ಲ ವೈದ್ಯರನ್ನೋ ಅಧ್ಯಾಪಕರನ್ನೋ ಕೇಳಿ, ಸಾಧ್ಯವಾದಲ್ಲಿ ಸ್ವತಃ ಕಣ್ಣಿನಿಂದ ನೋಡಿ, ತಿಳಿದುದನ್ನು ಊರವರ ಮಾತಿನಲ್ಲೇ ಊರವರಿಗೆ ತಿಳಿಸಲಿ. ಬರೆದು ಮುಂದಿನ ವರ್ಷದ ಈ ಸಂಚಿಕೆಗೂ ಕೊಡಲಿ. ನೂರು ಮಂದಿ ಹೀಗೆ ಮಾಡಿದರೆ ನೂರು ಊರುಗಳ ನೂರು ಅಪವಾದಗಳಿಗೆ ಮರುವಿಚಾರಣೆಯಾದೀತು. ನಮ್ಮ ಹೆತ್ತವರು ಹೊಟ್ಟೆಬಟ್ಟೆ ಕಟ್ಟಿ ನಮ್ಮನ್ನು ಓದಿಸಿದ್ದಾರೆ. ಆ ಓದು ಯಾವುದೋ ಒಂದು ಮಗುವಿನ ಕಿವಿಯನ್ನು ಪಿನ್ನಿನಿಂದ ಉಳಿಸಿದರೂ, ಅವರ ಖರ್ಚು ವ್ಯರ್ಥವಾಗಲಿಲ್ಲವೆಂದು ನಾನು ಭಾವಿಸುತ್ತೇನೆ.